ಖಾನಾವಳಿ ನಡೆಸಿದ ಆಯಿಯ ಉದ್ರಿ ವಹಿ: ನೆನಪಿನ ಪುಸ್ತಕದಲ್ಲಿ ಅಚ್ಚು ಹಾಕಬೇಕಾ, ಬೇಡವಾ?

ಗಿರಣಿ ಓಣಿ:
ನಮ್ಮ ಆಯಿ, ಅಂದರೆ ಅವ್ವನ ಅವ್ವ, ತೀರಿಕೊಂಡು ಬರುವ ತಿಂಗಳಿಗೆ ವರ್ಷವಾಗುತ್ತದೆ. ಧಾರವಾಡ ಸೀಮೆಯ ಒಂದು ತಾಲೂಕು ಊರಿನಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ ಇತ್ತು. ತಿಂಗಳ ಮೆಂಬರುಗಳು, ದಿನದ ಗಿರಾಕಿಗಳು, ಸಂತೆ ದಿನ ಹಳ್ಳಿಯವರು. ಅಜ್ಜ ಬೇಗ ಹೋದರು. ಮನೆ ನಡೆದದ್ದು, ಮಾವಂದಿರು ಓದಿದ್ದು, ಅವ್ವನ ಮದುವೆಯಾದದ್ದು ಎಲ್ಲಾ ಆ ಒಲೆಯ ಮೇಲೆ.

ಪುಣ್ಯಸ್ಮರಣೆಗೆ ಒಂದು ಸಣ್ಣ ಪುಸ್ತಕ ಮಾಡೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಆದರೆ ಎರಡು ವಿಷಯಕ್ಕೆ ಜಗಳ ಶುರುವಾಗಿದೆ.

ಅಟ್ಟದ ಟ್ರಂಕಿನಲ್ಲಿ ಆಯಿಯ ಉದ್ರಿ ವಹಿ, ಅಂದರೆ ಸಾಲದಲ್ಲಿ ಉಂಡವರ ಲೆಕ್ಕದ ಪುಸ್ತಕ, ಸಿಕ್ಕಿದೆ. ಕೆಂಪು ಬಟ್ಟೆಯ ಉದ್ದನೆಯ ಪುಸ್ತಕ. ದೊಡ್ಡ ಮಾವನಿಗೆ ಅದರ ಪುಟಗಳನ್ನು ಹೆಸರು ಸಮೇತ ಹಾಕಬೇಕು ಅಂತ ಆಸೆ. "ಇವರೆಲ್ಲಾ ನಮ್ಮವ್ವನ ರೊಟ್ಟಿ ಉಂಡು ದೊಡ್ಡ ಮನುಷ್ಯರಾದವರು, ಜನಕ್ಕೆ ಗೊತ್ತಾಗಲಿ" ಅಂತಾರೆ. ನನಗೆ ಅದು ಸರಿ ಕಾಣುತ್ತಿಲ್ಲ.

ಇನ್ನೊಂದು, ಬರೆದಿಟ್ಟ ಕರಡಿನ ತುಂಬ ಅನ್ನಪೂರ್ಣೆ, ಮಹಾತಾಯಿ, ಕರುಣಾಮಯಿ ಇವೇ ಮಾತು. ಅವಳು ಏನು ಕೆಲಸ ಮಾಡುತ್ತಿದ್ದಳು, ಹೇಗೆ ಮಾಡುತ್ತಿದ್ದಳು ಅಂತ ಒಂದು ಸಾಲೂ ಇಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ?

ಹಳೇ ಮೆಂಬರ್:
ಹೆಸರು ಹಾಕಬೇಡಿ.

ನಾನೂ ಉದ್ರಿ ಉಂಡವನೇ, ನಿಮ್ಮ ಊರಲ್ಲಿ ಅಲ್ಲ, ಧಾರವಾಡದಲ್ಲಿ. ಕರ್ನಾಟಕ ಕಾಲೇಜು 1917ರಿಂದ ಇದೆ, ಯುನಿವರ್ಸಿಟಿ ಮುಂಬೈಯಿಂದ ಧಾರವಾಡಕ್ಕೆ ಬಂದದ್ದು 1950ರಲ್ಲಿ. ವಿಜಾಪುರ, ಬಾಗಲಕೋಟೆ, ಗದಗ ಕಡೆಯ ಹಳ್ಳಿಗಳಿಂದ ಹುಡುಗರು ಬರುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಜಾಗ ಸಿಗದವರಿಗೆ ಒಂದು ಕೋಲಿ, ಒಂದು ಖಾನಾವಳಿ, ಅಷ್ಟೇ ಗತಿ. ಅಪ್ಪ ಫಸಲು ಮಾರಿ ರೊಕ್ಕ ಕಳಿಸುವವರೆಗೆ ಖಾನಾವಳಿಯ ಅಕ್ಕಾರು ತಡೆದುಕೊಳ್ಳುತ್ತಿದ್ದರು. ಆಗ ಮುಜುಗರವಾಗದ ಹಾಗೆ ನಡೆಸಿಕೊಂಡವರ ಹೆಸರಿನ ಪುಸ್ತಕದಲ್ಲಿ ಈಗ ಮುಜುಗರ ಮಾಡುವುದು ಯಾಕೆ?

ಬಯಲುಸೀಮೆ ಹುಡುಗ:
ನಾನು ಒಪ್ಪುವುದಿಲ್ಲ. ಇದರಲ್ಲಿ ಮುಜುಗರ ಏನು? ಬಡತನ ತಪ್ಪಲ್ಲ. ಅಂಥ ತಾಯಿಯ ಕೈಯಲ್ಲಿ ಉಂಡಿದ್ದು ಹೆಮ್ಮೆಯ ಮಾತು. ಮಾವ ಹೇಳುವುದೇ ಸರಿ. ದಾಖಲೆ ಕೈಯಲ್ಲಿದ್ದಾಗ ಮುಚ್ಚಿಡಬಾರದು. ಇವತ್ತಿನ ಹುಡುಗರಿಗೆ ಇದು ಗೊತ್ತಾಗಬೇಕು.

ಅಕ್ಕನ ಮಗಳು:
ಹೆಮ್ಮೆಯೋ ಅಲ್ಲವೋ ಅಂತ ಉಂಡವರು ಹೇಳಬೇಕು, ನಾವಲ್ಲ.

ಜಮಾ ಖರ್ಚು:
ಲೆಕ್ಕ ಬರೆಯುವುದು ನನ್ನ ಉದ್ಯೋಗ, ಅದಕ್ಕೇ ಒಂದು ಮಾತು. ನಿಮಗೆ ಸಿಕ್ಕಿರುವುದು ಯಾವ ಪುಸ್ತಕ ಅಂತ ಮೊದಲು ನೋಡಿ. ಹಳೇ ಪದ್ಧತಿಯಲ್ಲಿ ಕಿರ್ದಿ ಬೇರೆ, ಖತಾವಣಿ ಬೇರೆ. ಕಿರ್ದಿಯಲ್ಲಿ ದಿನದ ಬಂದದ್ದು ಹೋದದ್ದು. ಖತಾವಣಿಯಲ್ಲಿ ಒಬ್ಬೊಬ್ಬರ ಬಾಕಿ. ಸಣ್ಣ ಅಂಗಡಿಯವರು, ಅದರಲ್ಲೂ ಒಬ್ಬರೇ ಎಲ್ಲಾ ನೋಡಿಕೊಳ್ಳುವಾಗ, ಬಾಕಿಯನ್ನು ಒಂದು ಕಡೆ ಬರೆದು ವಸೂಲಾದದ್ದನ್ನು ಇನ್ನೊಂದು ಕಡೆ ಬರೆದಿರುತ್ತಾರೆ. ಕಿರ್ದಿ ಇಲ್ಲದೆ ಬರೀ ಉದ್ರಿ ಪುಟ ಹಾಕಿದರೆ, ಮುಟ್ಟಿಸಿದವರೂ ಮುಳುಗಿಸಿದವರ ಹಾಗೆ ಕಾಣುತ್ತಾರೆ. ಅದು ಸುಳ್ಳು ದಾಖಲೆ ಆಗುತ್ತದೆ. ಬಯಲುಸೀಮೆಯವರೇ, ನಿಮಗೂ ಇದೇ ಉತ್ತರ.

ಗಿರಣಿ ಓಣಿ:
ಜಮಾ ಖರ್ಚು ಅವರೇ, ಇದು ನನಗೆ ಹೊಳೆದಿರಲೇ ಇಲ್ಲ. ಕಿರ್ದಿ ಸಿಕ್ಕಿಲ್ಲ. ಇದ್ದದ್ದಕ್ಕೆ ಗೆದ್ದಲು ಹತ್ತಿತ್ತು, ಸುಟ್ಟರು ಅಂತ ಅವ್ವ ಹೇಳುತ್ತಾಳೆ. ಈ ವಹಿಯಲ್ಲಿ ಕೆಲವು ಸಾಲಿಗೆ ಅಡ್ಡ ಗೆರೆ ಇದೆ, ಕೆಲವಕ್ಕೆ ಬರೀ ಚುಕ್ಕಿ.

ಇನ್ನೊಂದು ಮಾತು ಹೇಳಬೇಕಿತ್ತು. ಆಯಿ ಮೂರನೇ ಇಯತ್ತೆಯವರೆಗೆ ಓದಿದವಳು. ಬಹಳ ಕಡೆ ಹೆಸರೇ ಬರೆದಿಲ್ಲ. "ನರಗುಂದದ ಹುಡುಗ", "ಚಾಳೀಸಿನ ಕಂಡಕ್ಟರ", "ಎರಡನೇ ಪಾಳಿ ಮಾಸ್ತರ", "ರೊಟ್ಟಿ ಮೆತ್ತಗ ಬೇಕಂತಾನ". ಚಾಳೀಸು ಅಂದರೆ ಕನ್ನಡಕ. ಇದು ಯಾರು, ಅದು ಯಾರು ಅಂತ ಮಾವ ಈಗ ಊರಲ್ಲಿ ವಿಚಾರಿಸುತ್ತಿದ್ದಾರೆ. ನನಗೆ ಸಂಕಟ ಆಗುತ್ತಿರುವುದು ಅದಕ್ಕೇ.

ಸಂತೆ ಶನಿವಾರ:
"ರೊಟ್ಟಿ ಮೆತ್ತಗ ಬೇಕಂತಾನ"! ಇದನ್ನು ಬಿಡಬೇಡಿ. ಹೆಸರಿಲ್ಲದ ಸಾಲುಗಳನ್ನು ಮಾತ್ರ ಹಾಕಿ. ಆಯಿ ಜನರನ್ನು ಹೇಗೆ ಗುರುತು ಇಟ್ಟುಕೊಳ್ಳುತ್ತಿದ್ದರು ಅಂತ ಅದರಲ್ಲೇ ಗೊತ್ತಾಗುತ್ತದೆ.

ಹಳೇ ಮೆಂಬರ್:
ಸಣ್ಣ ಊರಲ್ಲಿ "ಚಾಳೀಸಿನ ಕಂಡಕ್ಟರ" ಅಂದರೆ ಹೆಸರು ಹೇಳಿದ ಹಾಗೇ. ನರಗುಂದದ ಹುಡುಗ ನಡೆಯುತ್ತದೆ, ಅಂಥವರು ಬಹಳ ಮಂದಿ ಇದ್ದಾರು. ನೋಡಿ ಆರಿಸಿ.

ಅಕ್ಕನ ಮಗಳು:
ಎಲ್ಲರೂ ಉಂಡವರ ಬಗ್ಗೆ ಮಾತಾಡುತ್ತಿದ್ದೀರಿ. ಬಡಿದವರು ಯಾರು?

ನನ್ನ ಅವ್ವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಸುಕಿನಲ್ಲೇ ಹೋಗಿ ಒಲೆ ಹಚ್ಚುವುದು, ಹಿಟ್ಟು ಮಿದಿಯುವುದು, ಮಧ್ಯಾಹ್ನದ ಪಾಳಿ ಮುಗಿಸಿ ಮನೆಗೆ ಬಂದು ಮತ್ತೆ ಸಂಜೆ ಹೋಗುವುದು. ಕೂಲಿ ರೊಟ್ಟಿ ಲೆಕ್ಕದ ಮೇಲೆ. ಹರಿದ ರೊಟ್ಟಿ ಲೆಕ್ಕಕ್ಕೆ ಇಲ್ಲ. ಕಟ್ಟಿಗೆ ಹೊಗೆಗೆ ಕಣ್ಣು ಕೆಂಪಾಗಿರುತ್ತಿತ್ತು, ರಾತ್ರಿ ಮಣಿಕಟ್ಟಿಗೆ ಬಿಸಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು. ಆ ಖಾನಾವಳಿಯ ಒಡತಿಯನ್ನು ಊರೆಲ್ಲಾ ತಾಯಿ ಅನ್ನುತ್ತಿತ್ತು. ನಮ್ಮ ಅವ್ವನಿಗೆ ಜ್ವರ ಬಂದ ದಿನ ಕೂಲಿ ಇರಲಿಲ್ಲ.

ನಿಮ್ಮ ಆಯಿ ಹಾಗಿದ್ದರು ಅಂತ ಹೇಳುತ್ತಿಲ್ಲ. ಆದರೆ ಸಂತೆ ದಿನ ಒಬ್ಬ ಹೆಂಗಸು ಒಬ್ಬಳೇ ಅಷ್ಟು ಜನಕ್ಕೆ ರೊಟ್ಟಿ ಬಡಿಯಲು ಆಗುವುದಿಲ್ಲ. ಜೊತೆಗೆ ಯಾರಿದ್ದರು? ಪುಸ್ತಕದಲ್ಲಿ ಹೆಸರು ಹಾಕಲೇಬೇಕು ಅಂತಿದ್ದರೆ ಅವರದ್ದು ಹಾಕಿ. ಅವರನ್ನು ಕೇಳಿಯೇ ಹಾಕಿ.

ಗಿರಣಿ ಓಣಿ:
ಇದ್ದರು. ಇಬ್ಬರು ಖಾಯಂ, ಸಂತೆ ದಿನ ಇನ್ನೊಬ್ಬರು. ಒಬ್ಬರು ಇನ್ನೂ ಇದ್ದಾರೆ, ನಾವು ಅವರಿಗೆ ದೊಡ್ಡವ್ವ ಅಂತೀವಿ. ಕೂಲಿ ತಿಂಗಳ ಲೆಕ್ಕದಲ್ಲಿತ್ತು, ಊಟ ಅಲ್ಲೇ ಅಂತ ಅವ್ವ ಹೇಳಿದಳು. ಜ್ವರ ಬಂದರೆ ಏನು ಮಾಡುತ್ತಿದ್ದರು ಅಂತ ದೊಡ್ಡವ್ವನನ್ನೇ ಕೇಳುತ್ತೇನೆ. ಕರಡಿನಲ್ಲಿ ಅವರ ಹೆಸರು ಇಲ್ಲ, ಸೇರಿಸಲೇಬೇಕು.

ಎರೆಹೊಲ:
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ನಿಮ್ಮ ಆಯಿ ಹಿಟ್ಟಿಗೆ ಎಸರು ಹಾಕುತ್ತಿದ್ದರಾ, ತಣ್ಣೀರಾ? ನಮ್ಮ ಮನೆಯಲ್ಲಿ ತಣ್ಣೀರು.

ಸಂತೆ ಶನಿವಾರ:
ತಣ್ಣೀರಿನಲ್ಲಿ ರೊಟ್ಟಿ ಹೇಗೆ ಬರುತ್ತದೆ?

ಎರೆಹೊಲ:
ಹಿಟ್ಟು ಹೊಸದಿದ್ದರೆ ಬರುತ್ತದೆ. ಕೈ ಪಳಗಿರಬೇಕು.

ಕಾಳುಕಡಿ:
ಎರೆಹೊಲದವರ ಮಾತು ಅರ್ಧ ನಿಜ. ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗುಟಾಗುತ್ತದೆ, ಆ ಜಿಗುಟೇ ರೊಟ್ಟಿಯನ್ನು ಹಿಡಿದಿಡುವುದು. ಬೀಸಿ ಬಹಳ ದಿನ ಇಟ್ಟ ಹಿಟ್ಟು ಅಂಚಿಗೆ ಬಿರಿಯುತ್ತದೆ. ಅದಕ್ಕೇ ಖಾನಾವಳಿಯವರು ಒಮ್ಮೆಗೇ ಜಾಸ್ತಿ ಬೀಸಿಸುವುದಿಲ್ಲ, ಗಿರಣಿಗೆ ಮೇಲಿಂದ ಮೇಲೆ ಕಳಿಸುತ್ತಾರೆ. ತಳಿಯದ್ದೂ ಮಾತಿದೆ. ಎರೆ ಹೊಲದ ಹಿಂಗಾರಿ ಬಿಳಿಜೋಳ ಬೇಕು. ಮಾಲದಂಡಿ ಅಂತೀವಲ್ಲ, ಎಂ 35-1, ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ ತಳಿ, ಅದರ ರೊಟ್ಟಿ ಸಂಜೆವರೆಗೂ ಮೆತ್ತಗಿರುತ್ತದೆ. ಮುಂಗಾರಿ ಹೈಬ್ರಿಡ್ ಜೋಳ ಮಳೆಗೆ ಸಿಕ್ಕು ಕಪ್ಪಾಗಿದ್ದರೆ ಎಷ್ಟೇ ಎಸರು ಹಾಕಿದರೂ ಅಷ್ಟೇ.

ಪುಸ್ತಕದಲ್ಲಿ ಇದನ್ನು ಹಾಕಿ ಅಂತ ನನ್ನ ಸಲಹೆ. ಯಾವ ಜೋಳ, ಯಾರ ಹತ್ತಿರ, ಯಾವ ಹಂಗಾಮಿನಲ್ಲಿ ಕೊಳ್ಳುತ್ತಿದ್ದರು. ಜೋಳ ಆರಿಸಲು ಬರದಿದ್ದರೆ ಖಾನಾವಳಿ ಒಂದು ಮಳೆಗಾಲವೂ ನಡೆಯುವುದಿಲ್ಲ.

ತುಂಗಭದ್ರೆ ದಂಡೆ:
ಜೋಳದ ಮಾತು ಬಂತು ಅಂತ ಹೇಳುತ್ತೇನೆ. 1972ರ ಬರದಲ್ಲಿ ನಮ್ಮೂರ ಖಾನಾವಳಿಯ ಅಜ್ಜಿ "ಹೊಟ್ಟೆ ತುಂಬ ರೊಟ್ಟಿ" ಅನ್ನುವ ಬೋರ್ಡ್ ಇಳಿಸಿ ಒಳಗೆ ಇಟ್ಟರು. ತಾಟಿಗೆ ಇಷ್ಟೇ ರೊಟ್ಟಿ ಅಂತ ಲೆಕ್ಕ ಬಂತು. ಅಮೆರಿಕದಿಂದ ಬಂದ ಕೆಂಪು ಜೋಳದ ರೊಟ್ಟಿ, ಬಡಿಯಲು ಬರುತ್ತಿರಲಿಲ್ಲ, ತಿನ್ನಲು ರುಚಿ ಇರಲಿಲ್ಲ. ಮಳೆ ಬಂದು ಹೊಸ ಜೋಳ ಬಂದ ಮೇಲೂ ಆ ಬೋರ್ಡ್ ಬೇಗ ಹೊರಗೆ ಬರಲಿಲ್ಲ. ಯಾಕೆ ಅಂತ ನಮ್ಮ ಅಪ್ಪ ಕೇಳಿದ್ದಕ್ಕೆ "ಒಂದು ಸಲ ತಗದೇನಿ, ಇನ್ನೊಂದು ಸಲ ತಗಿಯೂ ಹಾಂಗ ಆಗಬಾರ್ದು" ಅಂದರಂತೆ. ಎರಡು ಸುಗ್ಗಿ ನೋಡಿಯೇ ಹೊರಗೆ ಹಾಕಿದರು. ಅವರನ್ನು ಯಾರಾದರೂ ಬರೀ ಕರುಣಾಮಯಿ ಅಂದರೆ ನನಗೂ ಸಿಟ್ಟು ಬರುತ್ತದೆ. ಅವರಿಗೆ ಲೆಕ್ಕ ಗೊತ್ತಿತ್ತು.

ಮುಂಬೈ ಕನ್ನಡಿಗ:
ಈ ಲೆಕ್ಕದ ವಿಷಯವೇ ಎಲ್ಲರೂ ಮರೆಯುವುದು. ಮುಂಬೈಯ ಗಿರಣಗಾವ್‌ನಲ್ಲಿ ಬಟ್ಟೆ ಮಿಲ್ಲಿನ ಕೂಲಿಗಳಿಗೆ ಊಟ ಹಾಕುತ್ತಿದ್ದ ಖಾನಾವಳಿ ಹೆಂಗಸರ ಕಥೆ ನಿಮಗೆ ಗೊತ್ತಿರಲಿ. ಕೂಲಿಗಳು ಊಟದ ರೊಕ್ಕ ಕೊಡುವುದು ಪಗಾರವಾದ ಮೇಲೆ. ಅಲ್ಲಿಯವರೆಗೆ ಹಿಟ್ಟು, ಎಣ್ಣೆ, ಬೇಳೆ ಎಲ್ಲಿಂದ ಬರಬೇಕು? ಕಿರಾಣಿ ಅಂಗಡಿಯ ಉದ್ರಿ, ಇಲ್ಲವೇ ಬಡ್ಡಿ ಸಾಲ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ ಆದ ಮೇಲೂ ಈ ಹೆಂಗಸರಿಗೆ ಬ್ಯಾಂಕಿನ ಬಾಗಿಲು ತಾನಾಗಿ ತೆರೆಯಲಿಲ್ಲ. ಸಾಮಾಜಿಕ ಕಾರ್ಯಕರ್ತೆ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಇವರನ್ನು ಒಟ್ಟುಗೂಡಿಸಿ ಬ್ಯಾಂಕ್ ಸಾಲ ಕೊಡಿಸಿದರು. ಆಮೇಲೆ 1982ರ ಜನವರಿಯಲ್ಲಿ ಮಿಲ್ ಮುಷ್ಕರ ಶುರುವಾಯಿತು. ಪಗಾರ ನಿಂತಿತು. ಕೂಲಿಗಳು ಊರಿಗೆ ಹೋದರು. ಊಟದ ಬಾಕಿ ಯಾರ ತಲೆಯ ಮೇಲೆ ಬಿತ್ತು ಅಂತ ಬೇರೆ ಹೇಳಬೇಕಾ?

ನಾನು ಹೇಳುವುದು ಇಷ್ಟು. ನಿಮ್ಮ ಆಯಿ ಕೊಟ್ಟ ಉದ್ರಿ ಆಕಾಶದಿಂದ ಬಂದದ್ದಲ್ಲ. ಅವರೂ ಎಲ್ಲೋ ಉದ್ರಿ ತಂದಿರಬೇಕು. ಮಾವನಿಗೆ ಯಾರದ್ದಾದರೂ ಬಾಕಿ ಅಚ್ಚು ಹಾಕಲೇಬೇಕು ಅಂತಿದ್ದರೆ ಆಯಿಯ ಬಾಕಿಯನ್ನು ಹುಡುಕಲಿ.

ಜಮಾ ಖರ್ಚು:
ಸರಿಯಾದ ಮಾತು. ವಹಿಯ ಹಿಂದಿನ ಪುಟ ತಿರುವಿ ನೋಡಿ. ಕೊಡಬೇಕಾದ್ದನ್ನು ಹಲವರು ಹಿಂದಿನಿಂದ ಬರೆಯುತ್ತಾರೆ.

ಬಯಲುಸೀಮೆ ಹುಡುಗ:
ಎಲ್ಲವನ್ನೂ ಬಡ್ಡಿ, ಬಾಕಿ, ಬಂಡವಾಳ ಅಂದರೆ ಪ್ರೀತಿ ಎಲ್ಲಿ ಹೋಯಿತು? ಅಜ್ಜಿಯ ನೆನಪಿನ ಪುಸ್ತಕ ಮಾಡುತ್ತಿದ್ದಾರೆ, ಆಡಿಟ್ ವರದಿ ಅಲ್ಲ.

ಅಕ್ಕನ ಮಗಳು:
ಪ್ರೀತಿ ಇರಲಿಲ್ಲ ಅಂತ ಯಾರು ಹೇಳಿದರು? ಗಂಡಸು ಅಂಗಡಿ ನಡೆಸಿದರೆ ಜಾಣ ಅಂತೀವಿ. ಹೆಂಗಸು ನಡೆಸಿದರೆ ತಾಯಿ ಅಂದು ಮುಗಿಸಿಬಿಡುತ್ತೀವಿ. ಅವಳೂ ಜಾಣೆಯೇ ಅಂತ ಒಂದು ಸಾಲು ಬರೆದರೆ ಪ್ರೀತಿ ಕಮ್ಮಿ ಆಗುತ್ತದಾ?

ಬಯಲುಸೀಮೆ ಹುಡುಗ:
ಅಷ್ಟಕ್ಕೆ ನನ್ನ ತಕರಾರಿಲ್ಲ. ತಾಯಿ ಅನ್ನುವ ಮಾತನ್ನೇ ತೆಗೆಯಿರಿ ಅಂದರೆ ಒಪ್ಪುವುದಿಲ್ಲ. ಊರು ಹಾಗೇ ಕರೆದದ್ದು ನಿಜ ತಾನೇ?

ವಸ್ತಿ ಗಾಡಿ:
ಊರು ಹೇಗೆ ಕರೆಯುತ್ತಿತ್ತು ಅಂತ ನಾನು ಹೇಳುತ್ತೇನೆ. ನಮ್ಮ ಅಪ್ಪ ಬಸ್ ಡ್ರೈವರ್. ವಸ್ತಿ ಗಾಡಿ ಅಂದರೆ ರಾತ್ರಿ ಕೊನೆಯ ಬಸ್ಸು, ಅದು ಆ ಊರಲ್ಲೇ ನಿಂತು ಬೆಳಗ್ಗೆ ಮೊದಲ ಬಸ್ಸಾಗಿ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಅಲ್ಲೇ ಮಲಗಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿ ಬಸ್ಸು ತಡವಾಗಿ ಬಂದರೆ ಊರೆಲ್ಲಾ ಬಾಗಿಲು ಹಾಕಿರುತ್ತಿತ್ತು. ಅಪ್ಪ ಹೋಗುತ್ತಿದ್ದ ಊರಿನ ಖಾನಾವಳಿಯ ಅಕ್ಕಾರು ಎರಡು ತಾಟು ಮುಚ್ಚಿ ಇಡುತ್ತಿದ್ದರು. ಹಾರ್ನ್ ಕೇಳಿದ ಮೇಲೆ ಸಾರು ಬಿಸಿಗೆ ಇಡುವುದು.

ರಾತ್ರಿ ಎಷ್ಟೇ ಹೊತ್ತಾಗಿರಲಿ ಒಂದು ಮಾತು ಬೈಯದೆ ಬಡಿಸುತ್ತಿರಲಿಲ್ಲ ಅಂತ ಅಪ್ಪ ಈಗಲೂ ಹೇಳುತ್ತಾರೆ. "ನಿಮ್ಮ ಡೆಪೋದವ್ರಿಗೆ ಗಡಿಯಾರ ಇಲ್ಲೇನು" ಅಂತ ಶುರು. ಅಪ್ಪ ಅವರನ್ನು ಅಕ್ಕಾರ ಅನ್ನುತ್ತಿದ್ದರು, ತಾಯಿ ಅಂತ ಅಲ್ಲ. ಅಕ್ಕನ ಮುಂದೆ ಜಗಳ ಆಡಬಹುದು ನೋಡಿ.

ಗಿರಣಿ ಓಣಿ:
ವಸ್ತಿ ಗಾಡಿ ಅವರೇ, ನಮ್ಮ ಆಯಿಯೂ ಇಡುತ್ತಿದ್ದಳು! ಎರಡು ತಾಟು ಮುಚ್ಚಿದ್ದರೆ ಬಸ್ಸು ಬಂದಿಲ್ಲ ಅಂತ ನಮಗೆ ಗೊತ್ತಾಗುತ್ತಿತ್ತು.

ಜಮಾ ಖರ್ಚು ಅವರು ಹೇಳಿದ ಹಾಗೆ ವಹಿಯನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದೆ. ಇದೆ. ಕಿರಾಣಿಯವರ ಬಾಕಿ, ಗಾಣದವರ ಬಾಕಿ, ಗಿರಣಿಯ ಬೀಸುಗೂಲಿ. ಅದರ ಕೆಳಗೆ "ಪಾಟ್ಲಿ ಕೊಟ್ಟೆ", "ಪಾಟ್ಲಿ ತಂದೆ" ಅಂತ ಸಾಲುಗಳು, ತಿಂಗಳು ಸಮೇತ. ಅವ್ವನನ್ನು ಕೇಳಿದೆ. ಆಯಿಯ ಬಂಗಾರದ ಪಾಟ್ಲಿ, ಅಂದರೆ ಕೈಬಳೆ, ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒತ್ತೆ ಹೋಗುತ್ತಿತ್ತಂತೆ. ಶಾಲೆ ಕಾಲೇಜು ಶುರುವಾಗಿ ಹೊಸ ಮೆಂಬರುಗಳು ಬರುವ ಹೊತ್ತು, ಮಳೆಗಾಲಕ್ಕೆ ಕಟ್ಟಿಗೆ, ಕಾಳು ತುಂಬಿಸಿಕೊಳ್ಳುವ ಹೊತ್ತು. ಸುಗ್ಗಿಯಾಗಿ ಹುಡುಗರ ಮನೆಗಳಿಂದ ರೊಕ್ಕ ಬಂದ ಮೇಲೆ ಬಿಡಿಸಿಕೊಂಡು ಬರುತ್ತಿದ್ದಳು. ಆಯಿಯ ಕೈಯಲ್ಲಿ ಪಾಟ್ಲಿ ಯಾವಾಗಲೂ ಇರುತ್ತಿರಲಿಲ್ಲ ಅಂತ ನೆನಪಿದೆ. ರೊಟ್ಟಿ ಬಡಿಯುವಾಗ ತೊಂದರೆ ಅಂತ ತೆಗೆದಿಡುತ್ತಾಳೆ ಅಂತ ನಮಗೆ ಹೇಳಿದ್ದರು.

ಮಾವನಿಗೆ ಈ ಪುಟ ತೋರಿಸಿದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದನ್ನ ಹಾಕಬ್ಯಾಡ, ಜನ ಏನಂತಾರ" ಅಂದರು.

ಮುಂಬೈ ಕನ್ನಡಿಗ:
ಬೇರೆಯವರ ಬಾಕಿ ಹಾಕಬಹುದು, ನಮ್ಮದು ಬೇಡ ಅಂದರೆ ಹೇಗೆ? ಮಾವನಿಗೆ ನಿಧಾನವಾಗಿ ಹೇಳಿ. ಇಡೀ ವಹಿಯಲ್ಲಿ ಅಚ್ಚು ಹಾಕುವಂಥ ಪುಟ ಇದೊಂದೇ.

ಪಟ್ಟಣದ ವಕೀಲ:
ಬೋರ್ಡ್ ಮೇಲೆ ಯಾರ ಹೆಸರಿತ್ತು? ಲೈಸೆನ್ಸ್ ಯಾರ ಹೆಸರಿನಲ್ಲಿತ್ತು? ಇದನ್ನೂ ನೋಡಿ. ಬಹಳ ಕಡೆ ಹೆಂಗಸು ನಡೆಸಿದ ಅಂಗಡಿ ಕಾಗದದಲ್ಲಿ ಗಂಡನದೋ ಮಗನದೋ ಆಗಿರುತ್ತದೆ. ಜಾಗ ಸ್ವಂತದ್ದಾಗಿದ್ದರೆ ಇನ್ನೊಂದು ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಹೆಂಗಸಿನ ಸ್ವತ್ತಿಗೆ ಅವಳೇ ಪೂರ್ತಿ ಒಡತಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲಾ 2005ರಲ್ಲಿ. ನಿಮ್ಮ ತಾಯಿಯವರ ಪಾಲಿನ ವಿಷಯ...

ಸಂತೆ ಶನಿವಾರ:
ವಕೀಲರೇ, ಪುಣ್ಯಸ್ಮರಣೆ ಮುಗಿಯಲಿ. ಪಾಲಿನ ಮಾತು ಇಲ್ಲಿ ಬೇಡ.

ಗಿರಣಿ ಓಣಿ:
ಜಾಗ ಬಾಡಿಗೆಯದು, ಪಾಲಿನ ಪ್ರಶ್ನೆ ಇಲ್ಲ. ಆದರೆ ಬೋರ್ಡಿನ ಮಾತು ನಿಜ. ಅಜ್ಜ ಹೋದ ಮೇಲೂ ಕೊನೆಯವರೆಗೆ ಅಜ್ಜನ ಹೆಸರೇ ಇತ್ತು. ಪುಸ್ತಕದಲ್ಲಿ "ಖಾನಾವಳಿ ನಡೆಸಿದವರು" ಅಂತ ಆಯಿಯ ಹೆಸರು ಹಾಕುತ್ತೇವೆ. ಅದಕ್ಕೆ ಯಾರದ್ದೂ ಅಡ್ಡಿ ಇಲ್ಲ.

ಕೆರೆ ಏರಿ:
ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಆ ಬೋರ್ಡಿನಲ್ಲಿ ಜಾತಿಯ ಹೆಸರಿತ್ತಾ? ನಮ್ಮ ಕಡೆ ಇಂಥವರ ಖಾನಾವಳಿ ಅಂತ ಜಾತಿ ಹೆಸರಿನಲ್ಲೇ ಬೋರ್ಡ್ ಇರುತ್ತಿದ್ದವು. ಸಂವಿಧಾನದ 17ನೇ ವಿಧಿ ಬಂದಿತ್ತು, 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆಯೂ ಬಂತು, ಹೋಟೆಲು ಖಾನಾವಳಿಗಳಲ್ಲಿ ಯಾರನ್ನೂ ತಡೆಯುವಂತಿಲ್ಲ ಅಂತ. ಅದಾಗಿ ಎಷ್ಟೋ ವರ್ಷದ ಮೇಲೂ ನಮ್ಮ ಅಪ್ಪನಿಗೆ ಸಂತೆ ದಿನ ಊಟ ಸಿಗುತ್ತಿದ್ದದ್ದು ಹೊರಗಿನ ಕಟ್ಟೆಯ ಮೇಲೆ. ತಾವೇ ತಾಟು ತೊಳೆದಿಟ್ಟು ಬರಬೇಕಿತ್ತು. ಆ ಒಡತಿಯ ಬಗ್ಗೆಯೂ ಊರಲ್ಲಿ ಒಳ್ಳೆಯ ಮಾತೇ ಇದೆ. ಅಪ್ಪನೂ ಅವರ ಚಟ್ನಿಯನ್ನು ಹೊಗಳುತ್ತಿದ್ದರು. ಎರಡೂ ನಿಜ. ಎಲ್ಲರಿಗೂ ಉಣ್ಣಿಸಿದ ತಾಯಿ ಅಂತ ಬರೆಯುವ ಮೊದಲು ಎಲ್ಲರೂ ಅಂದರೆ ಯಾರು ಅಂತ ನಿಮ್ಮ ಅವ್ವನನ್ನು ಒಂದು ಸಲ ಕೇಳಿ.

ಬಯಲುಸೀಮೆ ಹುಡುಗ:
ತೀರಿಕೊಂಡವರ ಬಗ್ಗೆ ಈಗ ಇದೆಲ್ಲಾ ಬೇಕಾ?

ಕೆರೆ ಏರಿ:
ನಮ್ಮ ಅಪ್ಪನೂ ತೀರಿಕೊಂಡಿದ್ದಾರೆ.

ಗಿರಣಿ ಓಣಿ:
ಕೇಳಿದ್ದು ಒಳ್ಳೆಯದಾಯಿತು. ನಿನ್ನೆ ರಾತ್ರಿ ಅವ್ವನ ಜೊತೆ ಮಾತಾಡಿದೆ. ಮೊದಲಿನ ಬೋರ್ಡಿನಲ್ಲಿ ಜಾತಿ ಹೆಸರಿತ್ತು. ಹೊರಗೆ ಕಿಟಕಿಯ ಹತ್ತಿರ ಬೇರೆ ಲೋಟಗಳೂ ಇದ್ದವು. ಅವ್ವ ಸಣ್ಣವಳಿದ್ದಾಗ ಅವನ್ನು ನೋಡಿದ್ದಾಳೆ. ಆಮೇಲೆ ಒಬ್ಬ ಶಾಲಾ ಮಾಸ್ತರು ತಿಂಗಳ ಮೆಂಬರಾಗಿ ಬಂದರು. ಅವರು ಒಳಗೆ ಕೂತರೆ ನಾವು ಬರುವುದಿಲ್ಲ ಅಂತ ಕೆಲವರು ಹೇಳಿದರು. ಆಯಿ ಮಾಸ್ತರನ್ನು ಒಳಗೆ ಕೂರಿಸಿದಳು. ಬಿಟ್ಟು ಹೋಗುತ್ತೇವೆ ಅಂದವರಲ್ಲಿ ಇಬ್ಬರು ನಿಜವಾಗಿ ಬಿಟ್ಟರು, ಉಳಿದವರು ಬರುತ್ತಲೇ ಇದ್ದರು. ಲೋಟಗಳು ಯಾವಾಗ ಹೋದವು ಅಂತ ಅವ್ವನಿಗೆ ನೆನಪಿಲ್ಲ. ಹೊಸ ಬೋರ್ಡ್ ಬರೆಸುವಾಗ ಜಾತಿ ಹೆಸರು ಬಿಟ್ಟರು.

ಮಾಸ್ತರನ್ನು ಕೂರಿಸಿದ್ದನ್ನು ಮಾತ್ರ ಬರೆದು ಲೋಟಗಳನ್ನು ಬಿಡುವುದು ನನಗೆ ಬೇಡ. ಎರಡನ್ನೂ ಬರೆಯುತ್ತೇನೆ.

ಕೆರೆ ಏರಿ:
ಹಾಗೆ ಬರೆದರೆ ಒಂದು ಪ್ರತಿ ನನಗೂ ಬೇಕು.

ಪುಂಡಿಪಲ್ಯ:
ಅಡಿಗೆಯ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ! ಆಯಿಯ ಕೈಯ ಪಲ್ಯ, ಚಟ್ನಿ ಯಾರಾದರೂ ಬರೆದಿಟ್ಟಿದ್ದಾರಾ?

ಗಿರಣಿ ಓಣಿ:
ಇಲ್ಲ. ಅದೇ ದೊಡ್ಡ ಕೊರತೆ. ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಸೋಮವಾರದ ಪುಂಡಿಪಲ್ಯ, ಜುಣಕ ಎಲ್ಲಾ ಅವಳ ಕೈ ಅಳತೆ. ಕೇಳಿದರೆ "ಒಂದು ಮುಷ್ಟಿ", "ಎರಡು ಚಟಾಕು", "ಅರ್ಧ ಸೇರು" ಅನ್ನುತ್ತಿದ್ದಳು.

ಪುಂಡಿಪಲ್ಯ:
ಪುಂಡಿಪಲ್ಯದ ಜೊತೆ ಜೋಳದ ನುಚ್ಚು ಕೊಡುತ್ತಿದ್ದರಾ?

ಗಿರಣಿ ಓಣಿ:
ಮತ್ತೆ! ನುಚ್ಚಿಲ್ಲದ ಪುಂಡಿಪಲ್ಯ ಉಂಟಾ? ಮೇಲೆ ಹಸಿ ಎಣ್ಣೆ, ಬೆಳ್ಳುಳ್ಳಿ ಒಗ್ಗರಣೆ.

ಜಮಾ ಖರ್ಚು:
ಅಳತೆ ಲೆಕ್ಕ ನಾನು ಕೊಡುತ್ತೇನೆ. ತೂಕದ ಸೇರು ಅಂದರೆ ಸುಮಾರು 933 ಗ್ರಾಂ, ಅದರಲ್ಲಿ 16 ಚಟಾಕು. ಹಾಗಾಗಿ ಒಂದು ಚಟಾಕು 58 ಗ್ರಾಂ.

ಕಾಳುಕಡಿ:
ತಡೆಯಿರಿ. ಅದು ತೂಕದ ಸೇರು. ಕಾಳಿಗೆ ನಮ್ಮ ಕಡೆ ಅಳೆಯುವ ಸೇರು, ಅದು ಪಾತ್ರೆ. ಊರಿಂದ ಊರಿಗೆ ಬೇರೆ. ಆಯಿಯ ಮನೆಯಲ್ಲಿ ಆ ಸೇರು ಇನ್ನೂ ಇದ್ದರೆ ಅದರಲ್ಲೇ ಅಳೆದು ತೂಗಿ. 933 ಅಂತ ಕಣ್ಣು ಮುಚ್ಚಿ ಬರೆದರೆ ಎಣ್ಣೆಗಾಯಿ ಕೆಡುತ್ತದೆ.

ಜಮಾ ಖರ್ಚು:
ಹೌದು, ಇದು ಸರಿ. ಪಾತ್ರೆ ಹುಡುಕಿ.

ಅಕ್ಕನ ಮಗಳು:
ಅದಕ್ಕಿಂತ ದೊಡ್ಡವ್ವನ ಹತ್ತಿರ ಹೋಗಿ. ಒಲೆಯ ಮುಂದೆ ಕೂರಿಸಿ, "ಹೇಳಿ" ಅನ್ನಬೇಡಿ, "ಮಾಡಿ" ಅನ್ನಿ. ಮೊದಲೇ ಪ್ರತಿ ಡಬ್ಬಿ ತೂಗಿ ಇಡಿ. ಅವರು ಕೈಗೆ ಬಂದಷ್ಟು ಹಾಕಲಿ. ಕೊನೆಗೆ ಡಬ್ಬಿಗಳನ್ನು ಮತ್ತೆ ತೂಗಿ. ನಮ್ಮ ಅವ್ವನ ಜುಣಕವನ್ನು ನಾನು ಹಾಗೇ ಬರೆದುಕೊಂಡೆ. ಖಾರದಪುಡಿ ಯಾವುದು ಅಂತ ಕೇಳಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಖಾರ ಕಮ್ಮಿ. ಖಾನಾವಳಿಯವರು ಅದರ ಜೊತೆ ಗುಂಟೂರಿನದ್ದನ್ನು ಬೆರೆಸುತ್ತಾರೆ. ಆ ಬೆರಕೆಯ ಪ್ರಮಾಣ ಮನೆಯವರಿಗೂ ಹೇಳಿರುವುದಿಲ್ಲ, ಬಡಿಯುವವರಿಗೆ ಗೊತ್ತಿರುತ್ತದೆ. ಮತ್ತೆ, ಅವರ ಆ ದಿನದ ಕೂಲಿ ಕೊಟ್ಟು ಬನ್ನಿ. ಬೇಡ ಅಂದರೂ ಕೊಡಿ.

ತುಂಗಭದ್ರೆ ದಂಡೆ:
ಈಗ ಸರಕಾರವೇ ಸ್ವಸಹಾಯ ಸಂಘದ ಹೆಂಗಸರಿಗೆ ಅಕ್ಕ ಕೆಫೆ ಅಂತ ಮಾಡಿಕೊಡುತ್ತಿದೆ, 2024ರಿಂದ. ಕಲಬುರಗಿಯಲ್ಲಿ ರೊಟ್ಟಿ ಮಾಡುವ ಹೆಂಗಸರು ಕಲಬುರಗಿ ರೊಟ್ಟಿ ಅಂತ ಒಂದೇ ಹೆಸರಿನಲ್ಲಿ ಮಾರುತ್ತಿದ್ದಾರೆ. ಈಗಿನವರ ಹೆಸರು ಕಾಗದದಲ್ಲಿ ಇರುತ್ತದೆ. ಆಗಿನವರದ್ದನ್ನು ನಾವೇ ಬರೆಯಬೇಕು.

ಹಳೇ ಮೆಂಬರ್:
ಹೆಸರುಗಳ ವಿಷಯಕ್ಕೆ ಒಂದು ದಾರಿ ಹೊಳೆಯಿತು. ವಹಿಯಿಂದ ಹುಡುಕಿ ತೆಗೆಯಬೇಡಿ. ಊರಲ್ಲಿ, ಹಳೇ ವಿದ್ಯಾರ್ಥಿಗಳ ಗುಂಪುಗಳಲ್ಲಿ ಸುದ್ದಿ ಮುಟ್ಟಿಸಿ. ಆಯಿಯ ಖಾನಾವಳಿಯಲ್ಲಿ ಉಂಡವರು ಬೇಕಾದರೆ ತಾವೇ ಬರೆದು ಕಳಿಸಲಿ. ಉದ್ರಿ ಉಂಡದ್ದನ್ನು ಹೇಳಿಕೊಳ್ಳುವವರು ಹೇಳಿಕೊಳ್ಳಲಿ. ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ಸಂತೋಷದಿಂದ ಬರೆಯುತ್ತಿದ್ದೆ. ಮೊದಲ ಪಗಾರದಲ್ಲಿ ಮನಿಯಾರ್ಡರ್ ಮಾಡಿದೆ, ಅಕ್ಕಾರು ಸಹಿ ಹಾಕಿದ ಚೀಟಿ ವಾಪಸು ಬಂತು. ಸಹಿ ಅಂದರೆ ಹೆಬ್ಬೆಟ್ಟಿನ ಗುರುತು. ಅದನ್ನು ಬಹಳ ವರ್ಷ ಪಾಕೀಟಿನಲ್ಲಿ ಇಟ್ಟುಕೊಂಡಿದ್ದೆ. ಬೇರೊಬ್ಬರು ನನ್ನ ಬಾಕಿಯ ಪುಟ ಅಚ್ಚು ಹಾಕಿದ್ದರೆ ಈ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಬಯಲುಸೀಮೆ ಹುಡುಗ:
ಇದು ಒಪ್ಪುವ ಮಾತು. ನನಗೆ ಬೇಕಿದ್ದದ್ದೂ ಇದೇ, ಜನಕ್ಕೆ ಗೊತ್ತಾಗಬೇಕು ಅಂತ. ತಾವೇ ಹೇಳಿದರೆ ಇನ್ನೂ ಚೆಂದ.

ಗಿರಣಿ ಓಣಿ:
ಎಲ್ಲರಿಗೂ ದೊಡ್ಡ ನಮಸ್ಕಾರ. ಹಳೇ ಮೆಂಬರ್ ಅವರ ದಾರಿಗೆ ಮಾವ ಒಪ್ಪಿದರು. ವಾಟ್ಸಾಪಿನಲ್ಲಿ ಸುದ್ದಿ ಹೋಗಿದೆ, ನರಗುಂದ ಕಡೆಯಿಂದ ಆಗಲೇ ಒಬ್ಬರು ಫೋನ್ ಮಾಡಿದ್ದಾರೆ. ಪಾಟ್ಲಿಯ ಪುಟದ ಬಗ್ಗೆ ಅವ್ವ ಗಟ್ಟಿಯಾಗಿ ನಿಂತಳು. "ಕದ್ದು ತಂದದ್ದಲ್ಲ, ಅವ್ವನ ಪಾಟ್ಲಿ, ಅವ್ವನ ಖಾನಾವಳಿ. ಹಾಕರಿ" ಅಂದಳು. ಹಾಗಾಗಿ ಅದು ಬರುತ್ತದೆ. ಅನ್ನಪೂರ್ಣೆ ಅನ್ನುವ ಮಾತು ಮುಖಪುಟದಲ್ಲಿ ಇರಬೇಕು ಅಂತ ಮಾವನ ಹಟ ಇನ್ನೂ ಇದೆ. ಅದು ಒಳಗಿನ ಪುಟಕ್ಕೆ ಬರಲಿ ಅಂತ ನಾನು ಹೇಳುತ್ತಿದ್ದೇನೆ.

ದೊಡ್ಡವ್ವನ ಮನೆಗೆ ಈ ಭಾನುವಾರ ತಕ್ಕಡಿ ತೆಗೆದುಕೊಂಡು ಹೋಗುತ್ತೇನೆ. ಕೊನೆಯ ಪ್ರಶ್ನೆ: ವಹಿಯ ಪುಟಗಳು ಅಂಚಿಗೆ ಪುಡಿಯಾಗುತ್ತಿವೆ. ಲ್ಯಾಮಿನೇಟ್ ಮಾಡಿಸಲಾ?

ಜಮಾ ಖರ್ಚು:
ಖಂಡಿತ ಬೇಡ. ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪನ್ನೂ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಅಕ್ಷರ ತಿನ್ನುತ್ತದೆ. ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ಕಡೆಯಿಂದ ಒಂದೊಂದೇ ಪುಟದ ಫೋಟೋ ತೆಗೆಯಿರಿ. ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಥಂಡಿ ಇಲ್ಲದ ಕಡೆ ಮಲಗಿಸಿ ಇಡಿ, ನಿಲ್ಲಿಸಬೇಡಿ. ಅಟ್ಟಕ್ಕೆ ಮಾತ್ರ ಮತ್ತೆ ಹಾಕಬೇಡಿ, ಗೆದ್ದಲು ಬಂದ ಜಾಗ ಅದು.

ವಸ್ತಿ ಗಾಡಿ:
ಪುಸ್ತಕ ಬಂದಾಗ ಇಲ್ಲೇ ತಿಳಿಸಿ. ಅಪ್ಪನಿಗೆ ಓದಿ ಹೇಳಬೇಕು. ಚಾಳೀಸಿನ ಕಂಡಕ್ಟರ ಯಾರಿರಬಹುದು ಅಂತ ಅವರಿಗೆ ಅಂದಾಜು ಇದೆ, ಆದರೆ ಹೇಳುವುದಿಲ್ಲವಂತೆ.